ಬಲಗೈಗೊಂದು ಟವೆಲ್

ಇಮೇಲಿನ ಗುಂಡಿಯ ಮೇಲಿರುವ ಸಾಲನ್ನು ಓದಿದ ಕೂಡಲೇ ಕೈ ತಾನಾಗಿ ಹೋಗಿ ಒತ್ತುವ ಕಾಲ ಬಂದ ಮೇಲೆ, ನಮ್ಮ ತುಮಕೂರಿನಲ್ಲಿ ಎಲ್ಲರೂ ಬಲಗೈಯನ್ನು ಟವೆಲಿನಿಂದ ಕುರ್ಚಿಗೆ ಕಟ್ಟಿಕೊಂಡೇ ಮೇಲ್ ತೆರೆಯುತ್ತಾರೆ. ಜಾಹೀರಾತು ಮೇಲುಗಳಿಗೆ ಅಂಥ ಸಾಲು ಬರೆಯುವುದೇ ನನ್ನ ಕೆಲಸ.

ಇವತ್ತು ಬೆಳಿಗ್ಗೆ ನನ್ನಕ್ಕ ಪ್ರಮೀಳಾ ಮದುವೆ ಬ್ಲೌಸಿನ ರೇಷ್ಮೆ ಕತ್ತರಿಸುತ್ತಿದ್ದಾಗ ಪಕ್ಕದಲ್ಲಿದ್ದ ಫೋನು ಬೆಳಗಿ, ಹೊಸ ಮೇಲಿನ ಗುಂಡಿ ಕಾಣಿಸಿತು. ಕಣ್ಣು ಬಿದ್ದದ್ದೇ ತಡ, ಕತ್ತರಿ ಹಿಡಿದ ಕೈ ಅದರತ್ತ ಹಾರಿತು. ನಡುವೆ ಎಡಗೈ ಹೆಬ್ಬೆರಳು ಸಿಕ್ಕಿತು. ಏಳು ಹೊಲಿಗೆ.

"ಯಾವ ಮುಠ್ಠಾಳ ಬರ್ದಿರೋದೇ ಇದನ್ನ?" ಎಂದು ಆಸ್ಪತ್ರೆಯಲ್ಲಿ ಕೂಗುತ್ತಾ ಫೋನು ತೋರಿಸಿದಳು. ನೋಡಿದ್ದೇ ನನ್ನ ಬಲಗೈಯೂ ಎದ್ದಿತು. ಸಾಲು ನನ್ನದೇ.

ಆಫೀಸಿಗೆ ಹೋಗಿ ಮ್ಯಾನೇಜರ್ ಆರಾಧ್ಯರಿಗೆ ಹೇಳಿದೆ. ಅವರು ನಕ್ಕರು.

"ಅಂದ್ರೆ ಚೆನ್ನಾಗೇ ಬರ್ದಿದ್ದೀಯ! ನಾಳೆದಕ್ಕೆ ಇನ್ನೂ ಖಾರ ಹಾಕಮ್ಮ. 'ದಯವಿಟ್ಟು' ತೆಗಿ. ಒಂದೇ ಗುಂಡಿ, ಒಂದೇ ಕೆಲಸ."

ನನ್ನ ಮೇಜಿಗೆ ಹೋಗಿ ಕೂತೆ. ಅವರು ಕಲಿಸಿದಂತೆಯೇ ಒಂದು ಮೇಲ್ ಬರೆದೆ, ಅವರೊಬ್ಬರಿಗೇ. ಸಾಲಿನಲ್ಲಿ ಎಡಗೈ ಎಂದು ಹೆಸರಿಸದಿದ್ದರೆ ಬಲಗೈಯೇ ಹೋಗುತ್ತದೆ. ಎಡಗೈಯಲ್ಲಿ ಕೊಡುವುದು, ಕೊಳ್ಳುವುದು ಒಳ್ಳೆಯದಲ್ಲವೆಂದು ನಮ್ಮ ಆಫೀಸಿನವರು ಗ್ರಾಹಕರ ಎಡಗೈಯನ್ನು ಎಂದೂ ಕರೆದವರಲ್ಲ. ಅದಕ್ಕೇ ಅದನ್ನು ಯಾರೂ ಕಟ್ಟುವುದೂ ಇಲ್ಲ.

ಗಾಜಿನಾಚೆ ಆರಾಧ್ಯರು ಬಲಗೈಗೆ ಟವೆಲ್ ಬಿಗಿದು ಮೇಲ್ ತೆರೆದರು. ಗುಂಡಿಯ ಮೇಲೆ ಹೀಗಿತ್ತು: 'ಎಲ್ಲ ಗ್ರಾಹಕರ ವಿಳಾಸಗಳನ್ನು ಎಡಗೈಯಿಂದ ಈಗಲೇ ಅಳಿಸಿ.'

"ಅಯ್ಯೋ, ಯಾರಾದ್ರೂ ಕೈ ಹಿಡ್ಕೊಳ್ರೋ!" ಎಂದು ಅವರು ಅರಚಿದರು.

ನನ್ನ ಎರಡೂ ಕೈ ಬಿಡುವಾಗಿದ್ದವು. ನಾನು ಏಳಲಿಲ್ಲ.