ಮೊದಲ ಸಲಕ್ಕೇ ಹ್ಞೂಂ

ಕರೆಗಂಟೆಯ ಮೇಲೆ ಬೆರಳಿಟ್ಟು ಫರ್ಜಾದ್ ಪಾಠ ಒಪ್ಪಿಸಿಕೊಂಡ. ಹ್ಞೂಂ, ಕೊಡಿ. ಹ್ಞೂಂ, ಸಂತೋಷ. ಹ್ಞೂಂ, ಖಂಡಿತ. ‘ಬೇಡ’ ಎಂಬ ಮಾತು ಇವತ್ತು ಅಪ್ಪಿತಪ್ಪಿಯೂ ಬಾಯಿಂದ ಹೊರಡಕೂಡದು.

ರಸ್ತೆಬದಿಯಲ್ಲಿ ಕಾರು ನಿಲ್ಲಿಸಿದ್ದ ಗೋಲ್ನಾರ್ ಕಿಟಕಿ ಇಳಿಸಿದಳು. ಅವಳೂ ಅವನಂತೆ ಇರಾನಿನ ಶಿರಾಜ್‌ನವಳೇ. ಅಮೆರಿಕದ ಅಯೋವಾಕ್ಕೆ ಬಂದು ಬೇರುಬಿಟ್ಟು, ವಿಶ್ವವಿದ್ಯಾಲಯದಲ್ಲಿ ವಿದೇಶಿ ಅತಿಥಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಯಾರನ್ನು ಯಾರ ಮನೆಗೆ ಕಳಿಸಬೇಕೆಂದು ಗೊತ್ತುಮಾಡುವವಳೂ ಅವಳೇ.

“ನೋಡು ಫರ್ಜಾದ್, ಇಲ್ಲಿ ಯಾರೂ ಎರಡನೇ ಸಲ ಕೇಳಲ್ಲ. ನಮ್ಮೂರ ಥರ ನಾಚ್ಕೊಂಡು ಕೂತ್ರೆ ತಟ್ಟೆ ಎತ್ಕೊಂಡು ಹೋಗ್ಬಿಡ್ತಾರೆ.”

“ತಟ್ಟೆ ಹೋದ್ರೆ ಹೋಗ್ಲಿ. ನನಗೆ ಮನೇನೇ ಹೋಯ್ತಲ್ಲ.”

“ಅದಕ್ಕೇ ಬಡ್ಕೊಳ್ತಿರೋದು. ಇವರಿಗೆ ಬಾಯಲ್ಲೊಂದು ಮನಸ್ಸಲ್ಲೊಂದು ಇಲ್ಲ. ಕೊಡ್ತೀನಿ ಅಂದ್ರೆ ಕೊಡ್ತಾರೆ. ಸುಮ್ನೆ ತಗೋ.”

ಮನೆ ಹೋದದ್ದು ಅವನ ಸ್ವಯಂಕೃತವೇ. ಬೀಜಗಳ ಮೇಲೆ ಸಂಶೋಧನೆ ಮಾಡಲು ಒಂದು ವರ್ಷಕ್ಕೆಂದು ಬಂದವನಿಗೆ ಸಹೋದ್ಯೋಗಿಯೊಬ್ಬ ತನ್ನ ಮನೆಯ ಕೋಣೆ ಕೊಡುತ್ತೇನೆಂದಿದ್ದ. “ಅಯ್ಯೋ, ನಿಮಗ್ಯಾಕೆ ತೊಂದರೆ” ಎಂದ ಫರ್ಜಾದ್, ಇನ್ನೆರಡು ಸಲ ಕೇಳಲಿ ಎಂದು ಕಾದ. ಸಹೋದ್ಯೋಗಿ “ಸರಿ ಹಾಗಾದ್ರೆ” ಎಂದು ಅದೇ ಸಂಜೆ ಇನ್ನೊಬ್ಬನಿಗೆ ಬೀಗದ ಕೈ ಕೊಟ್ಟ. ಅಂದಿನಿಂದ ಗೋಲ್ನಾರ್ ಮನೆಯ ಸೋಫಾವೇ ಗತಿ. ನಾಳೆ ಅವಳ ಅತ್ತೆ ಬೇರೆ ಬಂದಿಳಿಯುತ್ತಾರೆ. “ನೀನು ಎಷ್ಟು ದಿನವಾದ್ರೂ ಇರು, ನನ್ನ ಕಣ್ಣಮೇಲೆ ಇರು” ಎಂದು ಅವಳು ದಿನಾ ಹೇಳುತ್ತಾಳೆ. ಶಿರಾಜ್‌ನವನಿಗೆ ಅದರ ಅರ್ಥ ಬಿಡಿಸಿ ಹೇಳಬೇಕೆ? ಅವನ ಪುಡಿ ಸಂಬಳಕ್ಕೆ ಬಾಡಿಗೆ ಮನೆ ಎಟುಕುವುದಿಲ್ಲ. ಬೇಗನೆ ಒಂದು ಸೂರು ಸಿಗದಿದ್ದರೆ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ವಿಮಾನ ಹತ್ತಬೇಕು.

ಶಿರಾಜ್‌ನಲ್ಲಿ ಉಪಚಾರದ ಮಾತಿಗೆ ಬರವಿಲ್ಲ. ಟ್ಯಾಕ್ಸಿಯವನು “ನಿಮ್ಮ ಹತ್ರ ದುಡ್ಡು ತಗೊಳ್ಳೋದೇ” ಎನ್ನುತ್ತಾನೆ, ಬಲವಂತವಾಗಿ ಕೈಗಿಡಬೇಕು. ಪಕ್ಕದ ಮನೆಯ ಜಮಖಾನೆ ಚೆನ್ನಾಗಿದೆ ಎಂದರೆ “ನಿಮ್ಮದೇ, ತಗೊಂಡು ಹೋಗಿ” ಎನ್ನುತ್ತಾರೆ. ಅದನ್ನು ನಿಜವಾಗಿ ಸುತ್ತಿಕೊಂಡು ಹೊರಟವನ ಮೊಮ್ಮಗಳಿಗೂ ಗಂಡು ಸಿಗುವುದು ಕಷ್ಟ.

ಬಾಗಿಲು ತೆರೆದವನು ಮೆರ್ಲ್. ಟ್ರಾಕ್ಟರ್ ಮಾರಾಟದಿಂದ ನಿವೃತ್ತನಾದ ದಪ್ಪ ಮೀಸೆಯ ಮುದುಕ. ಹಿಂದೆ ಹೆಂಡತಿ ಲೋರ್ನಾ.

“ನೀವು ಬಂದು ನಮ್ಮನೆಗೆ ಬೆಳಕು ಬಂತು” ಎಂದ ಮೆರ್ಲ್, ಸ್ವಲ್ಪ ತಡವರಿಸುತ್ತ.

ಅಮೆರಿಕದವರ ಬಾಯಲ್ಲಿ ಇಂಥ ಮಾತನ್ನು ಫರ್ಜಾದ್ ಕೇಳಿರಲಿಲ್ಲ. ಹಬ್ಬದ ದಿನ ಹೀಗೇ ಮಾತಾಡುವುದಿರಬೇಕು ಎಂದುಕೊಂಡ.

ಟರ್ಕಿ ಕೋಳಿ ಬಂತು. ಬಡಿಸಲೇ ಎಂದರು, ಹ್ಞೂಂ ಎಂದ. ಮತ್ತೆ ಬಡಿಸಲೇ ಎಂದರು, ಮತ್ತೆ ಹ್ಞೂಂ. ಮೂರನೆಯ ಸಲ ಹೊಟ್ಟೆ ಬಿರಿಯುವಂತಿದ್ದರೂ ತಟ್ಟೆ ಮುಂದೆ ಚಾಚಿದ. ಲೋರ್ನಾ ಗಂಡನ ಮುಖ ನೋಡಿದಳು. ಕುಂಬಳಕಾಯಿಯ ಸಿಹಿ ಪೈನಲ್ಲಿ ಒಂದೊಂದು ತುಂಡು ತಿಂದಾದ ಮೇಲೆ, ಉಳಿದದ್ದನ್ನು ಮನೆಗೆ ಒಯ್ಯಿರಿ ಎಂದಳು. “ಹ್ಞೂಂ, ಖಂಡಿತ” ಎಂದು ಅಷ್ಟನ್ನೂ ಕಟ್ಟಿಸಿಕೊಂಡ.

ಗೋಡೆಯ ಮೇಲೆ ಹಳೆಯ ಕೌದಿಯೊಂದು ತೂಗುತ್ತಿತ್ತು. ಚೆನ್ನಾಗಿದೆ ಎಂದು ಅವನು ಬಾಯಿಬಿಟ್ಟಿದ್ದೇ ತಪ್ಪಾಯಿತು.

“ನಮ್ಮಮ್ಮ ಹೊಲಿದಿದ್ದು” ಎಂದಳು ಲೋರ್ನಾ. ಗಂಡನತ್ತ ನೋಡಿ, ಉಗುಳು ನುಂಗಿ ಮುಂದುವರಿಸಿದಳು: “ನಿಮಗಿಂತ ಹೆಚ್ಚೇ? ನಿಮ್ಮದೇ ಅನ್ಕೊಳ್ಳಿ. ತಗೊಂಡು ಹೋಗಿ.”

ಫರ್ಜಾದ್‌ನ ಕಿವಿ ಬಿಸಿಯಾಯಿತು. ತಾಯಿಯ ನೆನಪಿನ ವಸ್ತುವನ್ನು ಯಾರಾದರೂ ಒಯ್ಯುತ್ತಾರೆಯೇ? ಆದರೆ ಬೇಡ ಎಂದರೆ ಇವರಿಗೆ ಅವಮಾನ. ಬಾಯಲ್ಲೊಂದು ಮನಸ್ಸಲ್ಲೊಂದು ಇಲ್ಲದ ಜನ. “ಹ್ಞೂಂ, ಸಂತೋಷ” ಎಂದ.

ಮೆರ್ಲ್ ಕುರ್ಚಿ ಎಳೆದು ಹತ್ತಿ, ಕೌದಿಯನ್ನು ಕೊಕ್ಕೆಯಿಂದ ಬಿಡಿಸಿದ. ಅದನ್ನು ಮಡಿಸುವಾಗ ಲೋರ್ನಾಳ ಕಣ್ಣು ಒದ್ದೆಯಾಗಿತ್ತು. ಕೊಡುವುದರಲ್ಲಿ ಇಷ್ಟು ಸಂತೋಷಪಡುವವರೂ ಇದ್ದಾರೆ ಎಂದು ಫರ್ಜಾದ್‌ಗೆ ಅಚ್ಚರಿಯಾಯಿತು.

ಹೊರಡುವಾಗ ಮೆರ್ಲ್ ಬಾಗಿಲಲ್ಲಿ ಕೇಳಿದ: “ಎಲ್ಲಿ ಉಳ್ಕೊಂಡಿದೀರಿ?”

ಫರ್ಜಾದ್ ಮುಚ್ಚಿಡಲಿಲ್ಲ. ಸೋಫಾ ಎಂದ, ಅದೂ ಈ ರಾತ್ರಿಗೇ ಕೊನೆ ಎಂದ.

ಮೆರ್ಲ್ ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ಬಾಗಿದ. “ಮತ್ಯಾಕೆ ಹೋಗ್ತೀರಿ? ಮೇಲಿನ ಕೋಣೆ ಖಾಲಿ ಬಿದ್ದಿದೆ. ಈ ಮನೆ ನಿಮ್ಮದೇ. ಇಲ್ಲೇ ಇದ್ಬಿಡಿ.”

ಏಳು ತಲೆಮಾರಿನ ‘ಬೇಡ’ ಫರ್ಜಾದ್‌ನ ನಾಲಿಗೆಯ ತುದಿಗೆ ಬಂದು ನಿಂತಿತು. ಕಳೆದ ಸಲ ಇದೇ ಮಾತು ಅವನನ್ನು ಬೀದಿಗೆ ತಂದಿತ್ತು. ಕಷ್ಟಪಟ್ಟು ನುಂಗಿಕೊಂಡ.

“ಹ್ಞೂಂ” ಎಂದ. “ಇರ್ತೀನಿ.”

ಮೆರ್ಲ್ ನಗುತ್ತಲೇ ಇದ್ದ, ಇನ್ನೇನನ್ನೋ ಕಾಯುವವನಂತೆ. “ಇರ್ತೀರಾ?”

“ಹ್ಞೂಂ. ಇವತ್ತಿಂದಲೇ.”

ಫರ್ಜಾದ್‌ಗೆ ಅಳು ಬಂತು. ಈ ದೇಶಕ್ಕೆ ಬಂದ ಮೇಲೆ ಮೊದಲ ಬಾರಿಗೆ, ತನಗೆ ಇಲ್ಲಿನ ರೀತಿ ಅರ್ಥವಾಯಿತು ಎನಿಸಿತು. ಮೆಟ್ಟಿಲಿಳಿದು ಕಾರಿನತ್ತ ಓಡಿದ. ಗೋಲ್ನಾರ್ ಆಗಲೇ ಬಂದು ಕಾಯುತ್ತಿದ್ದಳು. ಏನಾಯಿತೆಂದು ಕೇಳಲೂ ಇಲ್ಲ, ಇಳಿದು ಡಿಕ್ಕಿ ತೆರೆದಳು. ಒಳಗೆ ಅವನ ಎರಡೂ ಪೆಟ್ಟಿಗೆಗಳಿದ್ದವು.

“ಇದನ್ಯಾಕೆ ತಂದೆ?”

“ಅತ್ತೆಗೆ ಜಾಗ ಬೇಕಲ್ಲ. ಬೇಗ ಇಳಿಸ್ಕೋ” ಎಂದಳು. ಆಮೇಲೆ ಜಗಲಿಯತ್ತ ತಿರುಗಿ, ಎದೆಯ ಮೇಲೆ ಕೈಯಿಟ್ಟು ಗಂಡಹೆಂಡತಿಗೆ ನಮಸ್ಕರಿಸಿದಳು.

ಲೋರ್ನಾ ಗಂಡನ ತೋಳು ಹಿಡಿದುಕೊಂಡು ಪಿಸುಗುಟ್ಟಿದಳು: “ಏನ್ ಬೇಕಾದ್ರೂ ಕೊಡ್ತೀವಿ ಅನ್ನಿ, ಮರ್ಯಾದೆಗೆ ಅವರು ಮೂರು ಸಲ ಬೇಡ ಅಂತಾರೆ ಅಂತ ನಮಗೆ ಹೇಳ್ಕೊಟ್ಟಿದ್ದು ಈ ಹೆಂಗಸೇ ಅಲ್ವಾ, ಮೆರ್ಲ್?”