ಪರಿಚಯವಿಲ್ಲದ ಒಂದು ಮುಖ

ಬಾಗಿಲು ತೆರೆದಾಗ ಹೊರಗೆ ನಿಂತಿದ್ದವನು ಅವಳು ಕಾಯುತ್ತಿದ್ದ ಮನುಷ್ಯನಾಗಿರಲಿಲ್ಲ. ಅವಳು ಕಾಯುತ್ತಿದ್ದದ್ದು ಬಿಳಿ ಗಡ್ಡದ, ಹುಬ್ಬಿನ ಮೇಲೆ ಹಳೆಯ ಗಾಯದ ಗುರುತಿದ್ದ ಮುದುಕನನ್ನು. ಬಂದವನಿಗೆ ಮೂವತ್ತೂ ತುಂಬಿದಂತಿರಲಿಲ್ಲ. ಗಡ್ಡವನ್ನು ನುಣ್ಣಗೆ ಬೋಳಿಸಿದ್ದ. ಅವನೂ ಅವಳ ಭುಜದ ಮೇಲಿಂದ ಒಳಗೆ ಇಣುಕುತ್ತ ಯಾರನ್ನೋ ಹುಡುಕುತ್ತಿದ್ದ.

“ಇವರಿಲ್ವಾ ಮೇಡಂ?” ಎಂದು ಫೋನನ್ನು ಮುಂದೆ ಹಿಡಿದ. ಛಾಯಾಗ್ರಾಹಕರೂ ಮಾಡೆಲ್‌ಗಳೂ ಸೇರುವ ಆನ್‌ಲೈನ್ ಗುಂಪಿನಲ್ಲಿ ಅವಳ ಹೆಸರಿನ ಪಕ್ಕ ಇದ್ದ ಚಿತ್ರ ಅದು: ಒದ್ದೆ ಕೂದಲಿನ, ತುಂಟ ಕಣ್ಣಿನ ಹುಡುಗಿ.

“ಅದು ನನ್ನ ತಂಗಿ. ಫೋಟೊ ತೆಗೆದೋಳು ನಾನು. ನಿಮ್ಮ ಹೆಸರಿನ ಪಕ್ಕ ಒಬ್ರು ಯಜಮಾನರಿದ್ರಲ್ಲ, ಅವರೆಲ್ಲಿ?”

“ನಮ್ಮ ದೊಡ್ಡಪ್ಪ. ತೆಗೆದೋನು ನಾನು.”

ಇಬ್ಬರೂ ಕಕ್ಕಾಬಿಕ್ಕಿಯಾಗಿ ನಿಂತರು. ತಾನು ತೆಗೆದ ಚಿತ್ರಗಳಲ್ಲಿ ಚೆನ್ನಾಗಿರುವುದನ್ನು ತನ್ನ ಹೆಸರಿಗೆ ಅಂಟಿಸಿಕೊಳ್ಳುವುದು ಛಾಯಾಗ್ರಾಹಕರ ಚಟ. ಅಭ್ಯಾಸಕ್ಕೆ ಫೋಟೊ ತೆಗೆಯೋಣವೇ ಎಂದು ಅವಳು ಕೇಳಿದ್ದು ಆ ಮುದುಕನನ್ನು. ಭಾನುವಾರ ಖಂಡಿತ ಬರುತ್ತೇನೆ ಎಂದು ಈ ಬಂದವನು ಉತ್ತರ ಕೊಟ್ಟದ್ದು ಆ ಹುಡುಗಿಗೆ. ಅವನ ಹೆಗಲ ಚೀಲದಲ್ಲಿದ್ದದ್ದೂ ಕ್ಯಾಮೆರಾವೇ.

ನಗಬೇಕೋ ಬೈಯಬೇಕೋ ಅವಳಿಗೆ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ಒಂದು ಸ್ಟುಡಿಯೊ ಮಾಲೀಕನ ಮುಂದೆ ನಿಲ್ಲಬೇಕಿತ್ತು. ಗುರುತಿನ ಚೀಟಿಯ ಫೋಟೊ ತೆಗೆಯುವ ಅಂಗಡಿಯಿಂದ ಹೊರಬೀಳಲು ಅವಳಿಗಿದ್ದ ದಾರಿ ಅದೊಂದೇ. ಹೋದ ವಾರ ಆತ ಅವಳ ಆಲ್ಬಮ್ ಮಡಚಿಟ್ಟು, “ಇದರಲ್ಲಿ ಎಲ್ಲರಿಗೂ ಒಂದೇ ಮೂಗು ಕಣಮ್ಮ,” ಎಂದಿದ್ದ. “ಅಮ್ಮ, ತಂಗಿ, ಸೋದರಮಾವ... ಮನೆಯವರು ಹೇಗೂ ಸಹಿಸ್ಕೋತಾರೆ. ಪರಿಚಯ ಇಲ್ಲದ ಒಬ್ಬರ ಮುಖ ತಗೊಂಬಾ, ಕೆಲಸದ ಮಾತಾಡೋಣ.” ಆಮೇಲೆ ಅವಳು ಬೀದಿಬೀದಿಯಲ್ಲಿ ಮುಖ ಬೇಡಿದ್ದಳು. ಒಬ್ಬಳು, ಏನು ಮಾರೋಕೆ ಬಂದಿದೀಯ ಎಂದು ಕೇಳಿದಳು. ಹೆಂಡತಿಯನ್ನು ಕೇಳಿ ಹೇಳುತ್ತೇನೆಂದ ಇನ್ನೊಬ್ಬ ಆ ಬೀದಿಯನ್ನೇ ಬಿಟ್ಟ.

“ಹಾಗಾದ್ರೆ ನೀವೇ ಕೂತ್ಕೊಳ್ಳಿ,” ಎಂದಳು.

“ನಾನಾ?”

“ಮುಖ ಇದೆಯಲ್ಲ, ಸಾಕು.”

“ನನ್ನ ಕಡೇದೂ ಒಂದು ಷರತ್ತು. ಆಮೇಲೆ ನೀವೂ ಕೂರಬೇಕು. ದೊಡ್ಡಪ್ಪನ್ನ ಬಿಟ್ರೆ ನಂಗೂ ಗತಿ ಇಲ್ಲ. ಮತ್ತೆ, ಇಬ್ಬರೂ ಒಪ್ಪಿದ್ರೆ ಮಾತ್ರ ಹೊರಗಿನೋರಿಗೆ ತೋರಿಸೋದು.”

ಅವನು ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ದಿನವಿಡೀ ಬೇರೆಯವರ ಮುಖಕ್ಕೆ ಚೌಕಟ್ಟು ಕೂರಿಸುವವನಿಗೆ ತನ್ನ ಮುಖವನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ, ತನ್ನ ಕ್ಯಾಮೆರಾವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡೇ ಕೂತ.

“ಆ ಪರದೆ ಸ್ವಲ್ಪ ಎಳೀರಿ. ಮೂಗಿನ ನೆರಳು ತುಟಿ ಮೇಲೆ ಬೀಳ್ತಿದೆ.”

“ನಿಮ್ಮ ಮೂಗು ನಿಮಗೆ ಕಾಣುತ್ತಾ?”

“ಕಾಣಲ್ಲ. ನಾನಾಗಿದ್ರೆ ಎಳೀತಿದ್ದೆ.”

“ಈಗ ನೀವು ಫೋಟೊ ತೆಗೆಯೋರಲ್ಲ. ಗದ್ದ ಇಳಿಸಿ. ಅಷ್ಟಲ್ಲ! ಉಸಿರಾದ್ರೂ ಆಡಿ ಪುಣ್ಯಾತ್ಮರೇ, ಹರಳೆಣ್ಣೆ ಕುಡಿದೋರ ಹಾಗೆ ಕೂತಿದೀರಲ್ಲ!”

ಕ್ಯಾಮೆರಾ ಇಳಿಸಿ ಅವಳು ಹೀಗೆ ಗದರುತ್ತಿದ್ದಾಗಲೇ ಅವನು ತನ್ನದನ್ನು ಎತ್ತಿ ಒಂದು ಸಲ ಒತ್ತಿದ. ಆಮೇಲೆ ತಿರುಗಿಸಿ ನೋಡಿಕೊಂಡ. ಅಲ್ಲಿಯವರೆಗೆ ಕಲ್ಲಾಗಿದ್ದ ಮುಖ ಒಮ್ಮೆಲೇ ಬಿರಿಯಿತು. ಹುಬ್ಬು ಮೇಲೇರಿತು, ತುಟಿ ಸಡಿಲಗೊಂಡಿತು; ಹುಡುಕಿ ಹುಡುಕಿ ಆಸೆ ಬಿಟ್ಟ ವಸ್ತು ಕಾಲಬುಡದಲ್ಲೇ ಸಿಕ್ಕವನಂತೆ ಕಂಡ. ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿ ಅವಳೂ ಒತ್ತಿದಳು.

ಸಿಕ್ಕಿದ್ದು ಒಂದೇ ಚಿತ್ರ, ಆದರೆ ಅದು ಚೆನ್ನಾಗಿ ಬಂದಿತ್ತು. ಅವಳು ಕ್ಯಾಮೆರಾವನ್ನು ಅವನತ್ತ ತಿರುಗಿಸಿದಳು. “ಇದನ್ನ ನಾಳೆ ತೋರಿಸ್ಲಾ?”

“ಧಾರಾಳವಾಗಿ. ಇದನ್ನ ನಾನು ತೋರಿಸಬಹುದು ಅಂದ್ರೆ.”

ಅವನು ಚಾಚಿದ ಕ್ಯಾಮೆರಾದೊಳಗಿನ ಹೆಂಗಸನ್ನು ಅವಳು ಬಹಳ ಹೊತ್ತು ನೋಡಿದಳು. ದವಡೆ ಬಿಗಿದಿತ್ತು, ಒಂದು ಕಣ್ಣು ಕಿರಿದಾಗಿತ್ತು. ಎದುರಿಗಿರುವುದು ಮನುಷ್ಯರಲ್ಲ, ಸರಿಯಾಗಿ ಜೋಡಿಸಬೇಕಾದ ಸಾಮಾನು ಎಂಬಂತಿತ್ತು ನೋಟ. ಬೆಳಕಿನಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. ನೆರಳಿನಲ್ಲೂ ಸಿಗಲಿಲ್ಲ.

“ಇದು ನನ್ನ ಥರ ಇಲ್ಲ,” ಎಂದಳು.

“ಹಂಗಂತೀರಾ?” ಅವನು ಒಮ್ಮೆ ಚಿತ್ರವನ್ನು, ಒಮ್ಮೆ ಅವಳನ್ನು ನೋಡಿದ. ಅವನಿಗೂ ಗೊಂದಲವಾದಂತಿತ್ತು. “ಬೇಡ ಅಂದ್ರೆ ಅಳಿಸ್ತೀನಿ. ಆದ್ರೆ ಮಾತು ಮಾತೇ, ನಂದನ್ನೂ ಅಳಿಸ್ಬೇಕಾಗುತ್ತೆ.”

ಅವನ ಮುಖ ಬೇಕಾದರೆ ಈ ಹೆಂಗಸನ್ನು ಒಪ್ಪಿಕೊಳ್ಳಬೇಕು. ಇವಳು ಬೇಡವೆಂದರೆ ನಾಳೆಯಿಂದ ಮತ್ತೆ ಗುರುತಿನ ಚೀಟಿ. ಏನೂ ಬಗೆಹರಿಯದೆ ಅವಳು ಆ ಚಿತ್ರವನ್ನು ತನ್ನ ಫೋನಿನಲ್ಲಿ ಹಿಡಿದು ತಂಗಿಗೆ ಕಳಿಸಿದಳು. ‘ಇದು ನಾನು ಅನ್ಸುತ್ತಾ?’

ಉತ್ತರ ಕೂಡಲೇ ಬಂತು. ‘ಅಯ್ಯೋ ಅಕ್ಕ, ಇನ್ಯಾರು ಮತ್ತೆ! ನೀನು ನನ್ನ ಫೋಟೊ ತೆಗೆಯೋವಾಗ ನಂಗೆ ಕಾಣೋದು ಇದೇ ಮುಖ. ಯಾರು ಹಿಡಿದ್ರೇ ಇದನ್ನ? ನಂಗೊಂದು ಕಾಪಿ ಬೇಕು.’

ಅದು ದೂರೋ ಮುದ್ದೋ ಎರಡು ಸಲ ಓದಿದರೂ ಅವಳಿಗೆ ತಿಳಿಯಲಿಲ್ಲ.

“ಏನಂತೆ ತಂಗಿ?” ಎಂದು ಅವನು ಕೇಳಿದ.

“ಹೋಲುತ್ತಂತೆ,” ಎಂದಳು. “ಇಟ್ಕೊಳ್ಳಿ.”