ಗಟ್ಟಿ ಮೂಳೆ

ಮುಟ್ಟು ನಿಂತ ಮೇಲೆ ಪಂಕಜಾಕ್ಷಿಗೆ ಸೊಂಟನೋವು ಶುರುವಾಯಿತು. ಮೂಳೆ ಸವೆಯುತ್ತಿದೆ, ಕ್ಯಾಲ್ಸಿಯಂ ಮಾತ್ರೆ ತಗೊಳ್ಳಿ, ಸ್ವಲ್ಪ ಭಾರ ಎತ್ತುವ ವ್ಯಾಯಾಮವನ್ನೂ ಮಾಡಿ ಎಂದರು ಡಾಕ್ಟರಮ್ಮ.

ಹೆರಿಗೆಯಾದಾಗಲೂ ಆಸ್ಪತ್ರೆ ಕಡೆ ತಲೆ ಹಾಕದಿದ್ದ ಗಂಡ ಈ ಸಲ ಮೈಮೇಲೆ ದೇವರು ಬಂದವನಂತೆ ಓಡಾಡಿದ. ಮಾತ್ರೆ ತಂದ, ಡಂಬಲ್ಸ್ ತಂದ, ಬೆಳಿಗ್ಗೆ ಎದ್ದು ತಾನೇ ರಾಗಿಗಂಜಿ ಕಾಯಿಸಿ ಕೊಟ್ಟ.

"ಈ ವಯಸ್ಸಲ್ಲಿ ಇದೆಲ್ಲ ಯಾಕ್ರೀ? ನೋಡಿದವರು ನಗ್ತಾರೆ," ಎಂದು ಅವಳು ನಾಚಿಕೊಂಡಳು.

"ನಗಲಿ ಬಿಡೇ. ನನಗೆ ನಿನ್ನ ಆರೋಗ್ಯ ಮುಖ್ಯ."

ಇಷ್ಟು ವರ್ಷ ಇವರ ಜೊತೆ ಏಗಿದ್ದು ಸಾರ್ಥಕವಾಯಿತು ಅಂತ ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡಳು.

ವರ್ಷ ಕಳೆದು ಮತ್ತೆ ಪರೀಕ್ಷೆ ಮಾಡಿಸಿದಾಗ ಡಾಕ್ಟರಮ್ಮ ಅವಳ ಬೆನ್ನು ತಟ್ಟಿದರು. "ಮೂಳೆ ಈಗ ಚೆನ್ನಾಗಿದೆ, ತೋಳಲ್ಲೂ ಶಕ್ತಿ ಬಂದಿದೆ. ಇನ್ನು ಯಾವ ಕೆಲಸಕ್ಕೂ ಹೆದರಬೇಕಾಗಿಲ್ಲ."

ಆಸ್ಪತ್ರೆಯ ಮೆಟ್ಟಿಲಿಳಿಯುತ್ತಲೇ ಗಂಡ ಖುಷಿಯಿಂದ ತಮ್ಮನಿಗೆ ಫೋನ್ ಮಾಡಿದ.

"ಹಾಸಿಗೆ ಹಿಡಿದಿರೋ ಅಮ್ಮನ್ನ ನಾಳೇನೇ ನಮ್ಮನೆಗೆ ಕರ್ಕೊಂಡು ಬಾರೋ. ಎತ್ತಿ ಇಳಿಸೋಕೆ ನಿಮ್ಮತ್ತಿಗೆ ಈಗ ತಯಾರಾಗಿದ್ದಾಳೆ!"